ಎಲೆ ಇಳಿಸುವ ಧೈರ್ಯ

ಇಸ್ಪೀಟು ಎಂದ ಕೂಡಲೇ ಮೂಗು ಮುರಿಯುವವರು ನಮ್ಮವರಲ್ಲಿ ಕಡಿಮೆಯೇನಿಲ್ಲ. ಮುರಿಯಲಿ. ಉಪ್ಪಲ್, ರಾಮಂತಾಪುರ, ಹಬ್ಸಿಗುಡದ ಕಡೆಯ ಕನ್ನಡಿಗರಾದ ನಾವು ಭಾನುವಾರ ನಾಲ್ಕಾರು ಮಂದಿ ಕಲೆತೆವೆಂದರೆ, ಊಟದ ಎಲೆ ಎತ್ತಿದ ಮೇಲೆ ಈ ಎಲೆ ಬೀಳದೆ ಇರದು. ಇಲ್ಲಿಯವರು ಪೇಕಾಟ ಎನ್ನುತ್ತಾರೆ. ಹದಿಮೂರು ಎಲೆಯ ರಮ್ಮಿ. ಹಣವಿಲ್ಲ, ನೋಟುಬುಕ್ಕಿನಲ್ಲಿ ಪಾಯಿಂಟು ಬರೆಯುತ್ತೇವೆ. 101 ಮುಟ್ಟಿದವರು ಹೊರಗೆ, ಚಹಾ ಮಾಡುವ ಕೆಲಸ ಅವರದು.

ಹೊಸಬರು ಬಂದರೆ ಚಹಾದ ಚಿಂತೆ ಉಳಿದವರಿಗಿಲ್ಲ. ಕೈಯಲ್ಲಿ ಜೋಕರ್ ಇಲ್ಲ, ಲೈಫ್ ಆಗುವ ಸೂಚನೆ ಇಲ್ಲ, ನಾಲ್ಕು ಬಣ್ಣದ ಎಲೆ ಸಂತೆಯಂತೆ ಕೂಡಿವೆ. ಆದರೂ ಆಡಿಯೇ ಆಡುತ್ತಾರೆ. ಬೀದರಿನ ಕಡೆಯ ಒಬ್ಬ ಹುಡುಗನಿಗೆ ಹೇಳಿದರೆ, "ಕಾಕಾ, ಆಡ್ಲಿಕ್ಕ ಬಂದು ಎಲಿ ಇಟ್ಟು ಸುಮ್ನ ಕೂಡೋದಂದ್ರ ಏನು?" ಎಂದ. "ಕೂಡೋದೂ ಆಟನೇ ತಮ್ಮಾ" ಎಂದರು ನಮ್ಮ ಹಿರಿಯರು. ಲೆಕ್ಕ ಸರಳ. ಮೊದಲೇ ಎಲೆ ಇಳಿಸಿದರೆ 20 ಪಾಯಿಂಟು, ನಡುವೆ ಇಳಿಸಿದರೆ 40, ಕೊನೆಯವರೆಗೆ ಹಿಡಿದು ಸಿಕ್ಕಿಬಿದ್ದರೆ 80ರವರೆಗೆ. ಒಂದು ಹಟಕ್ಕೆ ನಾಲ್ಕು ಸಲ ಸುಮ್ಮನೆ ಕೂಡುವಷ್ಟು ಬೆಲೆ.

ಪೋಕರಿನಲ್ಲೂ ಹೊಸಬರ ಮೊದಲ ರೋಗ ಇದೇ. ಅಲ್ಲಿ ಕೈಗೆ ಎರಡೇ ಎಲೆ ಕೊಡುವ ಆಟ ಹೆಚ್ಚು ಪ್ರಸಿದ್ಧ. 52 ಎಲೆಗಳಲ್ಲಿ ಅಂಥ ಜೊತೆಗಳು 1326. ಎರಡೂ ಒಂದೇ ಅಂಕಿಯವು 78 ಮಾತ್ರ. ಎಂದರೆ 17ಕ್ಕೆ ಒಂದು. ಬಲ್ಲವರು ಬಹುಪಾಲು ಕೈಗಳನ್ನು ಎಸೆದು ಕಾಯುತ್ತಾರೆ. ಹೊಸಬರಿಗೆ ಕಾಯುವುದೇ ಬೇಸರ.

ರಾಜರಾಣಿಯರ ವ್ಯಾಮೋಹ ಎರಡನೆಯದು. ಆಟಿನ್ ಎಕ್ಕ, ರಾಜ ಹಿಡಿದು ರಾಣಿಗಾಗಿ ಕಾಯುವವನಿಗೆ ಎರಡು ಕಟ್ಟಿನಲ್ಲಿ ಇರುವ ರಾಣಿಯರು ಇಬ್ಬರೇ. ಆರು, ಏಳು ಹಿಡಿದವನಿಗೆ ಐದಾದರೂ ಆದೀತು, ಎಂಟಾದರೂ ಆದೀತು, ಒಟ್ಟು ನಾಲ್ಕು ಎಲೆ. ಸೋತರೂ ಇವನ ತಲೆಗೆ 13, ಅವನ ತಲೆಗೆ 20. ಕೆಳಗೆ ಬಿದ್ದ ಎಲೆಯನ್ನು ಆಸೆಯಿಂದ ಎತ್ತಿಕೊಳ್ಳುವುದು ಇನ್ನೊಂದು. ಎತ್ತಿದ ಕ್ಷಣ ಕೈಯ ಗುಟ್ಟು ಇಡೀ ಚಾಪೆಗೆ ತಿಳಿಯಿತು. ಪಕ್ಕದವನು ಅದರ ನೆರೆಹೊರೆಯ ಎಲೆಯನ್ನು ಇನ್ನು ಬಿಡುವನೇ? ಎರಡು ಒಂಬತ್ತೂ ಬಿದ್ದುಹೋದ ಮೇಲೆ ಒಂಬತ್ತಕ್ಕೆ ಕಾಯುವವರ ವಿಚಾರ ಬೇಡ.

ತಮಾಷೆಯೆಂದರೆ ಇದನ್ನೆಲ್ಲ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿದೆ, ಅದೂ ನಮ್ಮ ನೆರೆಯ ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ. 1967ರ ಆ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಹಿದಾಯತುಲ್ಲಾ. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕೆಂದು ತಿಳಿದಿರಬೇಕು. ಆದ್ದರಿಂದ ರಮ್ಮಿ ಮೂರೆಲೆಯಾಟದಂತೆ ಬರೀ ಅದೃಷ್ಟವಲ್ಲ ಎಂದರು. ಹೊಸಬರು ಈ ತೀರ್ಪಿನ ಅರ್ಧ ಮಾತ್ರ ಓದುತ್ತಾರೆ. ಆಟದಲ್ಲಿ ಜಾಣ್ಮೆ ಇದೆ ಎಂದರೆ ತಮ್ಮಲ್ಲೂ ಇದೆ ಎಂದು ತಿಳಿಯುತ್ತಾರೆ! ಆಟದಿಂದ ಕ್ಲಬ್ಬು ಲಾಭ ಮಾಡಿಕೊಂಡರೆ ಅಪರಾಧವಾದೀತು ಎಂದೂ ಅದೇ ತೀರ್ಪಿನಲ್ಲಿದೆ. 2017ರಲ್ಲಿ ತೆಲಂಗಾಣ ಸರ್ಕಾರ ಕಾಯಿದೆ ತಿದ್ದಿ, ಹಣ ಕಟ್ಟಿದರೆ ರಮ್ಮಿಗೂ ರಿಯಾಯಿತಿ ಇಲ್ಲವೆಂದಿತು.

ಅದು ಸರಿಯೆಂದೇ ನಮ್ಮ ಮತ. ಫೋನಿನ ರಮ್ಮಿಯಲ್ಲಿ ಸಂಬಳದ ರಾತ್ರಿ ಸೋತು, ಸೋತದ್ದನ್ನು ಅದೇ ರಾತ್ರಿ ಗೆಲ್ಲಲು ಹೊರಟವರನ್ನು ಕಂಡಿದ್ದೇವೆ. ಆ ಮನೆಗಳ ಬಳೆ ಅಡವಿಗೆ ಹೋದದ್ದನ್ನೂ ಕಂಡಿದ್ದೇವೆ. "ಸಾಕು, ಏಳಪ್ಪಾ" ಎನ್ನುವವರು ಫೋನಿನಲ್ಲಿ ಯಾರೂ ಇಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಫೋನಿನ ಹಣದಾಟಗಳನ್ನೇ ನಿಷೇಧಿಸುವ ಕಾಯಿದೆ ತಂದಿತು. ಆದರೆ ಸೋತವನ ಕೈ "ಇನ್ನೊಂದೇ ಆಟ" ಎಂದು ತುರಿಸುವುದನ್ನು ಯಾವ ಕಾಯಿದೆಯೂ ನಿಲ್ಲಿಸದು. ಅದಕ್ಕೇ ನಮ್ಮಲ್ಲಿ ಎಷ್ಟು ಗಂಟೆಗೆ ಏಳುವುದೆಂದು ಎಲೆ ಕಲೆಸುವ ಮೊದಲೇ ಗೊತ್ತುಮಾಡುತ್ತೇವೆ.

ಆ ಬೀದರಿನ ಹುಡುಗ ಈಗ ಹತ್ತರಲ್ಲಿ ನಾಲ್ಕಾಟಕ್ಕೆ ಮೊದಲೇ ಎಲೆ ಇಳಿಸಿ ಕಡ್ಲೆಕಾಯಿ ಸುಲಿಯುತ್ತಾನೆ. ಇಳಿಸದೆ ಕೂತನೆಂದರೆ ನಮಗೇ ದಿಗಿಲು.