ಟೈರಿಗೆ ಗಾಳಿ ಎಷ್ಟು? ಮೊದಲು ಎಲ್ಲಿಗೆ ಹೋಗ್ತೀರಾ ಹೇಳಿ

ಮೊನ್ನೆ ರಾಯಲ್ಪಾಡು ಕಡೆಯಿಂದ ಒಬ್ಬರು ಫೋನ್ ಮಾಡಿದ್ರು. "ಅಣ್ಣಾ, ಟ್ರ್ಯಾಕ್ಟರ್ ಹಿಂದಿನ ಟೈರಿಗೆ ನೀವು ಎಷ್ಟು ಗಾಳಿ ಹಾಕ್ತೀರಾ?"

"ಎಲ್ಲಿಗೆ ಹೋಗೋಕೆ?" ಅಂದೆ. ನಕ್ಕುಬಿಟ್ರು. ನಾನು ತಮಾಷೆಗೆ ಕೇಳಿದ್ದಲ್ಲ. ಹಂಗೆ ಕೇಳಬೇಕು ಅಂತ ಕಲಿಯೋಕೆ ನನಗೆ ಒಂದು ಟ್ಯೂಬು, ಒಂದು ಟೈರು, ಅರ್ಧ ಲೋಡು ತೋತಾಪುರಿ ಖರ್ಚಾಗಿದೆ. ನಮ್ಮಣ್ಣನ ಮಗನೂ ಆವತ್ತೇ ಹೋಗಿಬಿಡಬೇಕಿತ್ತು, ಉಳಿದ.

2025ರ ಜೂನ್ ನಿಮಗೆಲ್ಲ ನೆನಪಿರುತ್ತೆ. ಚಿತ್ತೂರು ಕಡೆಗೆ ಹೊರರಾಜ್ಯದ ತೋತಾಪುರಿ ಹೋಗೋದು ನಿಂತಿತ್ತು, ಇಲ್ಲಿ ಕಾಯಿ ಕೇಳೋರಿರಲಿಲ್ಲ. ಕಿತ್ತ ಕೂಲಿ, ಪಿಕಪ್ ಬಾಡಿಗೆ ಕಳೆದರೆ ಕೈಯಿಂದಲೇ ಹಾಕಬೇಕಾದ ಸ್ಥಿತಿ. ಬಾಡಿಗೆಯಾದರೂ ಉಳೀಲಿ ಅಂತ ನಮ್ಮ ಟ್ರ್ಯಾಕ್ಟರಿಗೇ ಟ್ರಾಲಿ ಕಟ್ಟಿ ಶ್ರೀನಿವಾಸಪುರದ ಮಂಡಿಗೆ ಹೊರಟ್ವಿ. ಹತ್ತಿರ ಹತ್ತಿರ ಎರಡೂವರೆ ಟನ್ ಕಾಯಿ. ಹುಡುಗ ಓಡಿಸ್ತಿದ್ದ, ನಾನು ಹಿಂದೆ ಬೈಕಲ್ಲಿ.

ಹಿಂದಿನ ದಿನ ಏನಾಗಿತ್ತು ಅಂದ್ರೆ, ಮಳೆ ಬಿದ್ದಿತ್ತು, ಕೆರೆ ಕೆಳಗಿನ ರಾಗಿ ಹೊಲಕ್ಕೆ ಕಲ್ಟಿವೇಟರ್ ಹಾಕಿದ್ದೆ. ಚಕ್ರ ನಿಂತಲ್ಲೇ ಸುತ್ತುತಾ ಇತ್ತು. ಹಿಂದಿನ ಎರಡೂ ಟೈರಿನ ಗಾಳಿ ಬಿಟ್ಟು 10ಕ್ಕೆ ತಂದೆ. ಆಮೇಲೆ ಸಲೀಸಾಗಿ ನಡೀತು, ಡೀಸೆಲ್ಲೂ ಉಳೀತು ಅಂತ ನನಗೆ ನಾನೇ ಶಭಾಷ್ ಅಂದ್ಕೊಂಡಿದ್ದೆ. ಬೆಳಿಗ್ಗೆ ವಾಪಸ್ ತುಂಬಿಸೋದು ಮರೆತೆ. ಮರೆತೆ ಅಂದ್ರೂ ಸುಳ್ಳೇ. ನೋಡಿದೆ, ದೊಡ್ಡ ಟೈರು, ಏನಾಗುತ್ತೆ ಬಿಡು ಅಂದ್ಕೊಂಡೆ.

ಶ್ರೀನಿವಾಸಪುರ ಇನ್ನೂ ನಾಲ್ಕೈದು ಕಿಲೋಮೀಟರ್ ಇತ್ತು. ಎದುರಿಂದ ಒಂದು ಬಸ್ಸು ಇನ್ನೊಂದು ಗಾಡಿಯನ್ನ ಹಿಂದೆ ಹಾಕಿ ಬಂತು. ಹುಡುಗ ಎಡಕ್ಕೆ ಎಳೆದು ಬ್ರೇಕ್ ಹಾಕಿದ. ಟ್ರ್ಯಾಕ್ಟರ್ ಕುಡಿದವನ ಥರ ತೂಗಾಡಿತು. ಹಿಂದಿನ ಎಡ ಟೈರು ಒಂದೇ ಸಲಕ್ಕೆ ಕೂತ್ಕೊಂಡ್ತು. ಟ್ರಾಲಿ ರೋಡ್ ಬಿಟ್ಟು ಕೆಳಗಿಳಿದು ವಾಲಿ ನಿಂತ್ಕೊಂಡ್ತು, ಕಾಯೆಲ್ಲ ಚರಂಡಿಗೆ. ಹುಡುಗ ಸ್ಟೇರಿಂಗ್ ಬಿಟ್ಟಿರಲಿಲ್ಲ, ಇಳಿಸಿಕೊಂಡಾಗ ಕೈ ನಡುಗ್ತಾ ಇತ್ತು. "ಚಿಕ್ಕಪ್ಪಾ, ಸ್ಟೇರಿಂಗ್ ನನ್ನ ಮಾತೇ ಕೇಳ್ಲಿಲ್ಲ" ಅಂದ, ಅಷ್ಟೆ. ಸಂಜೆ ನಮ್ಮಣ್ಣ ಬಂದು ಮಗನ ತಲೆ ಸವರಿ ಹೋದ. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಪಂಚರ್ ಹುಡುಗ ಟೈರ್ ಬಿಚ್ಚಿ ತೋರಿಸಿದ. ಟ್ಯೂಬಿನ ನೆಕ್ ಬುಡದಲ್ಲೇ ಹರಿದುಹೋಗಿತ್ತು. "ಗಾಲಿ ಲೇದನ್ನಾ, ಅಂದುಕೇ" ಅಂದ. ಗಾಳಿ ಕಮ್ಮಿ ಇದ್ದಾಗ ಟೈರು ರಿಮ್ಮನ್ನ ಗಟ್ಟಿಯಾಗಿ ಹಿಡಿಯಲ್ಲ. ಭಾರ ಇಟ್ಟುಕೊಂಡು ಬ್ರೇಕ್ ಹಾಕಿದ್ರೆ ರಿಮ್ಮು ನಿಲ್ಲುತ್ತೆ, ಟೈರು ಟ್ಯೂಬನ್ನ ಎಳೆದುಕೊಂಡು ಒಂದಿಷ್ಟು ಜಾರುತ್ತೆ. ನೆಕ್ ಮಾತ್ರ ರಿಮ್ಮಿನ ತೂತಲ್ಲಿ ಸಿಕ್ಕಿಕೊಂಡಿರುತ್ತೆ. ಹರಿಯದೆ ಏನು ಮಾಡುತ್ತೆ? ಟೈರಿನ ಪಕ್ಕದ ಗೋಡೆ ಮುಟ್ಟಿದ್ರೆ ಒಳಗೆ ಪದರ ಬಿಟ್ಟು ಮೆತ್ತಗಾಗಿತ್ತು. ಅದೂ ಹೋಯ್ತು.

ಆಮೇಲೆ ಗಾಡಿ ಜೊತೆ ಬಂದಿದ್ದ ಪುಸ್ತಕ ಹುಡುಕಿ ತೆಗೆದೆ. ಕೊಂಡ ದಿನದಿಂದ ಬಿಚ್ಚಿರಲಿಲ್ಲ. ಅದರಲ್ಲಿ ಹೊಲಕ್ಕೆ ಒಂದು ಲೆಕ್ಕ, ರೋಡಿಗೆ ಒಂದು ಲೆಕ್ಕ ಅಂತ ಬೇರೆ ಬೇರೆ ಬರೆದಿದೆ. ನನ್ನದು 45 ಎಚ್‌ಪಿ ಗಾಡಿ, ಹಿಂದೆ 13.6-28, ಮುಂದೆ 6.00-16 ಟೈರು. ಈಗ ನಾನು ಹಿಂದಿನವಕ್ಕೆ ಹೊಲದಲ್ಲಿ 12, ಟ್ರಾಲಿ ಕಟ್ಟಿ ರೋಡಿಗೆ ಹತ್ತುವಾಗ 18 ಪಾಯಿಂಟ್ ಇಡ್ತೀನಿ. ಮುಂದಿನವಕ್ಕೆ 28. ಇದು ನನ್ನ ಗಾಡಿ ಲೆಕ್ಕ, ನಿಮ್ಮ ಟೈರಿಗೆ ನಿಮ್ಮ ಪುಸ್ತಕ ನೋಡ್ಕೊಳ್ಳಿ. ಟೈರ್ ಪಕ್ಕದಲ್ಲಿ ಅಚ್ಚಾಗಿರೋ ನಂಬರ್ ಇನ್ನು ಮೇಲೆ ಹೋಗಬೇಡ ಅನ್ನೋ ಗಡಿ. ದಿನಾ ಅಷ್ಟು ಹಾಕು ಅಂತಲ್ಲ.

ಯಾಕೆ ಎರಡು ಲೆಕ್ಕ ಅಂದ್ರೆ, ಗಾಳಿ ಕಮ್ಮಿ ಆದಷ್ಟೂ ಟೈರು ಅಗಲವಾಗಿ ನೆಲ ಹಿಡಿಯುತ್ತೆ. ಭಾರ ಹಂಚಿಹೋಗಿ ಮಣ್ಣು ಗಟ್ಟಿಯಾಗಲ್ಲ, ಚಕ್ರ ಜಾರಲ್ಲ. ಹೊಲದ ಮಣ್ಣು ಟೈರಿಗೆ ಒಂದಿಷ್ಟು ಬಗ್ಗುತ್ತೆ. ಡಾಂಬರು ಬಗ್ಗಲ್ಲ, ಅಲ್ಲಿ ಟೈರೇ ಬಗ್ಗಬೇಕು. ಒಂದೊಂದು ಸುತ್ತಿಗೂ ಪಕ್ಕದ ಗೋಡೆ ಮಡಿಸಿ ಬಿಡಿಸಿ, ಮಡಿಸಿ ಬಿಡಿಸಿ ಕಾಯುತ್ತೆ. ತಂತಿಯನ್ನ ಹಿಂದೆ ಮುಂದೆ ಬಗ್ಗಿಸಿ ಮುರೀತೀವಲ್ಲ, ಆಗ ಬೆರಳಿಗೆ ಬಿಸಿ ತಾಗುತ್ತಲ್ಲ, ಹಂಗೆ. ಅದೇ 18 ಇಟ್ಕೊಂಡು ಹಸಿ ಹೊಲಕ್ಕಿಳಿದ್ರೆ ಚಕ್ರ ಸುತ್ತುತ್ತೆ, ನಡುವಿನ ಪಟ್ಟೆ ಸವೆಯುತ್ತೆ, ಡೀಸೆಲ್ ಸುಡುತ್ತೆ.

ನಮ್ಮ ಕಡೆ ಹೆಚ್ಚಾಗಿರೋದು ಎರಡು ಚಕ್ರದ ಟ್ರಾಲಿ. ಅದರ ಭಾರದಲ್ಲಿ ಒಂದು ಪಾಲು ಕೊಂಡಿ ಮೂಲಕ ಟ್ರ್ಯಾಕ್ಟರಿನ ಹಿಂದಿನ ಟೈರ್ ಮೇಲೇ ಕೂರುತ್ತೆ. ಆವತ್ತು ನಾವು ಕಾಯೆಲ್ಲ ಮುಂದಕ್ಕೇ ತುಂಬಿದ್ವಿ. ಮೊದಲೇ ಗಾಳಿ ಕಮ್ಮಿ ಇದ್ದ ಟೈರಿಗೆ ಇದೂ ಸೇರ್ಕೊಂಡ್ತು.

ನಮ್ಮಪ್ಪ ಟೈರನ್ನ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ ಗಾಳಿ ಹೇಳ್ತಿದ್ದರು. ಅವರ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೀನಿ, 12ಕ್ಕೂ 18ಕ್ಕೂ ಸದ್ದಲ್ಲಿ ವ್ಯತ್ಯಾಸ ಗೊತ್ತಾಗಲ್ಲ. ಲಾರಿಗೆ ಗಾಳಿ ಹಿಡಿಯೋ ಅಂಗಡಿ ಮೀಟರಲ್ಲೂ ಗೊತ್ತಾಗಲ್ಲ. ಅದರ ಮುಳ್ಳು ನೂರು, ನೂರೈವತ್ತರವರೆಗೆ ಓಡೋದು, ನಮ್ಮ ಆರು ಪಾಯಿಂಟ್ ಅದಕ್ಕೆ ಒಂದು ಗೆರೆಯಷ್ಟೂ ಅಲ್ಲ. ಕಡಿಮೆ ಒತ್ತಡ ತೋರಿಸೋ ಚಿಕ್ಕ ಮೀಟರ್ ಬೇರೆ ಸಿಗುತ್ತೆ, ಅದನ್ನೇ ತಗೊಳ್ಳಿ. ಟೈರಿಗೆ ನೀರು ತುಂಬಿಸಿದ್ದರೆ ನೆಕ್ ಮೇಲ್ಗಡೆ ಬರೋ ಹಂಗೆ ಚಕ್ರ ನಿಲ್ಲಿಸಿ ಅಳೀರಿ, ಇಲ್ಲಾಂದ್ರೆ ಮೀಟರ್ ನೀರು ಕುಡಿಯುತ್ತೆ. ನೀರಿರೋ ಟೈರಲ್ಲಿ ಗಾಳಿಗೆ ಜಾಗ ಕಮ್ಮಿ, ಸ್ವಲ್ಪ ಸೋರಿದ್ರೂ ಒತ್ತಡ ಬೇಗ ಇಳಿಯುತ್ತೆ, ಅವನ್ನ ಪದೇ ಪದೇ ನೋಡ್ಬೇಕು.

ಅಳೆಯೋದು ಬೆಳಿಗ್ಗೆ, ಗಾಡಿ ಹೊರಡೋಕೆ ಮುಂಚೆ. ಓಡಿ ಬಂದ ಬಿಸಿ ಟೈರಲ್ಲಿ ಗಾಳಿ ಹಿಗ್ಗಿ ಜಾಸ್ತಿ ತೋರಿಸುತ್ತೆ. ಅದನ್ನ ನೋಡಿ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಮ್ಮಿಯಾಗಿರುತ್ತೆ. ಟೊಮ್ಯಾಟೊ ಹಾಕ್ಕೊಂಡು ಕೋಲಾರ ಮಾರ್ಕೆಟ್‌ಗೆ ಹೋಗೋ ಹುಡುಗರು ದಾರಿ ಮಧ್ಯೆ ಟೀ ಅಂಗಡಿ ಹತ್ತಿರ ಇದನ್ನೇ ಮಾಡೋದು ನೋಡಿದ್ದೀನಿ.

ಪಿಕಪ್ಪು, ಜೀಪು ಇಟ್ಟಿರೋರಿಗೆ ಸುಲಭದ ದಾರಿ ಒಂದಿದೆ. ಟೈರಿಗೆ ಅಡ್ಡಲಾಗಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮಾಮೂಲಿ ಭಾರ ಹಾಕಿ, ಸಮ ಇರೋ ರೋಡಲ್ಲಿ ಐವತ್ತು ಅಡಿ ನೇರ ಓಡಿಸಿ ನೋಡಿ. ನಡುವೆ ಮಾತ್ರ ಅಳಿಸಿದ್ರೆ ಗಾಳಿ ಜಾಸ್ತಿ, ಎರಡು ಅಂಚು ಮಾತ್ರ ಅಳಿಸಿದ್ರೆ ಕಮ್ಮಿ. ತೋಟಕ್ಕೆ ಅಂತ ದಪ್ಪ ಹಲ್ಲಿನ ಟೈರ್ ಹಾಕಿಸಿ ಅದರಲ್ಲೇ ಬೆಂಗಳೂರಿಗೂ ಹೋಗೋರು ಇದನ್ನ ಮಾಡ್ಲೇಬೇಕು. ಟ್ರ್ಯಾಕ್ಟರಿಗೆ ಈ ಗೆರೆ ಅಷ್ಟು ಸರಿಬರಲ್ಲ.

ಓದಿದ್ದೊಂದು ಹೇಳ್ತೀನಿ. ಮೊದಲು ಟ್ರ್ಯಾಕ್ಟರಿಗೆ ಕಬ್ಬಿಣದ ಚಕ್ರವೇ ಇದ್ದಿದ್ದು. 1932ರಲ್ಲಿ ಅಮೆರಿಕದ ಆಲಿಸ್-ಚಾಮರ್ಸ್ ಕಂಪನಿ ಗಾಳಿ ಟೈರಿನ ಟ್ರ್ಯಾಕ್ಟರ್ ಮಾರಾಟಕ್ಕೆ ತಂತು. ಜನ ನಂಬಲಿಲ್ಲ. ಮಾರನೇ ವರ್ಷ ಬಾರ್ನಿ ಓಲ್ಡ್‌ಫೀಲ್ಡ್ ಅನ್ನೋ ರೇಸ್ ಡ್ರೈವರನ್ನ ಕೂರಿಸಿ ಗಂಟೆಗೆ 64 ಮೈಲಿ, ಅಂದ್ರೆ 100 ಕಿಲೋಮೀಟರ್ ಮೇಲೆ, ಓಡಿಸಿ ತೋರಿಸಿದ್ರು. ಇದನ್ನ ನಿಮ್ಮ ಮನೆ ಹುಡುಗರಿಗೆ ಮಾತ್ರ ಹೇಳಬೇಡಿ.

ನಮ್ಮ ಹುಡುಗ ಎರಡು ತಿಂಗಳು ಟ್ರಾಲಿ ಮುಟ್ಟಲಿಲ್ಲ. ಈಗ ಓಡಿಸ್ತಾನೆ, ಆದ್ರೆ ನಾನು ಅಳೆದಿದ್ದನ್ನ ನಂಬಲ್ಲ, ತಾನೇ ಇನ್ನೊಂದು ಸಲ ಮೀಟರ್ ಹಚ್ಚಿ ನೋಡ್ತಾನೆ. ನಾನೂ ಬೇಡ ಅನ್ನಲ್ಲ.

ಮೀಟರ್ ನಮ್ಮ ಮನೆ ಹತ್ತಿರದ ಶೆಡ್ಡಲ್ಲಿ ಮೊಳೆಗೆ ನೇತಾಕಿದ್ದೀನಿ. ಗೌನಿಪಲ್ಲಿ ಸುತ್ತಮುತ್ತ ಇರೋರು ಬೆಳಿಗ್ಗೆ ಬಂದು ತಗೊಂಡೋಗಿ, ಸಂಜೆ ತಂದುಕೊಡಿ. ಹೋದ ತಿಂಗಳು ಒಬ್ಬರು ತಗೊಂಡೋಗಿ ಹತ್ತು ದಿನ ಇಟ್ಕೊಂಡಿದ್ರು. ಯಾರು ಅಂತ ಅವರಿಗೇ ಗೊತ್ತು.