ಸಣ್ಣಾಕಿ ಪೈಲಟ್ ಆಗ್ತೀನಿ ಅಂದಾಗ

ಎರಡು ವರ್ಷದ ಹಿಂದಿನ ಮಾತು. ಸಣ್ಣಾಕಿದು ಸೆಕೆಂಡ್ ಪಿಯುಸಿ ರಿಸಲ್ಟ್ ಬಂದು ನಾಕು ದಿನಾ ಆಗಿತ್ತು. ರಾತ್ರಿ ನಾ ಭಕ್ಕರಿ ಬಡೀಲಿಕ್ಕೆ ಹತ್ತಿದ್ದೆ, ನಮ್ಮನಿಯವರು ಊಟಕ್ಕ ಕೂತಿದ್ರು. ಸಣ್ಣಾಕಿ ನೀರಿನ ತಂಬಿಗಿ ತಂದಿಟ್ಟು, "ಅಪ್ಪಾ, ನಾ ಇಂಜಿನಿಯರಿಂಗ್ ಹೋಗಂಗಿಲ್ಲ. ಪೈಲಟ್ ಆಗ್ತೀನಿ" ಅಂದ್ಲು.

ಇವರು ಏನೂ ಅನ್ನಲಿಲ್ಲ. ಇನ್ನೊಂದು ಭಕ್ಕರಿ ಹಾಕಿಸಿಕೊಂಡ್ರು. ಇವರು ಸಿಟ್ಟಾದಾಗ ಊಟ ಬಿಡಂಗಿಲ್ಲ, ಒಂದು ಭಕ್ಕರಿ ಹೆಚ್ಚಿಗೆ ಉಣ್ತಾರ. ಅದಕ್ಕ ನನಗ ಗೊತ್ತಾತು, ಇದು ಇವತ್ತಿಗೆ ಮುಗಿಯೂ ಮಾತಲ್ಲ ಅಂತ.

ನಮ್ಮ ಅತ್ತಿಗೆ ಎಂಬತ್ತಾರು ವರ್ಷ. ಅವರು ಒಳಗಿನ ಕೋಲಿಯಿಂದನ ಕೇಳಿದ್ರು, "ಏನಂತ ಆಕಿದು? ಸೀರಿ ಉಟ್ಟಾವ್ರು ವಿಮಾನ ನಡಸ್ತಾರೇನು?" ಸಣ್ಣಾಕಿ ತಯಾರಾಗೇ ಬಂದಿದ್ಲು. "ಅಜ್ಜಿ, 1936 ರಾಗ ಲಾಹೋರದಾಗ ಸರಳಾ ಠಕ್ರಾಲ್ ಅಂತ ಇಪ್ಪತ್ತೊಂದು ವರ್ಷದಾಕಿ ಸೀರಿ ಉಟ್ಟೇ ವಿಮಾನ ಹಾರಿಸ್ಯಾಳ. ಆಕಿಗೆ ಅವಾಗ ನಾಕು ವರ್ಷದ ಮಗಳಿದ್ಲು" ಅಂದ್ಲು. ಅತ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗಳನ್ನ ಯಾರು ನೋಡಕೊಳ್ತಿದ್ರು?" ಅಂದ್ರು. ಅದಕ್ಕ ಮಾತ್ರ ನಮ್ಮಾಕಿ ಹತ್ರ ಉತ್ತರ ಇರಲಿಲ್ಲ.

ಮರುದಿನದಿಂದ ಉಪದೇಶ ಶುರು ಆದವು. ನಮ್ಮ ಮೈದುನ, "ಏರೋನಾಟಿಕಲ್ ಇಂಜಿನಿಯರಿಂಗ್ ಹಾಕ್ರಿ, ಪೈಲಟ್ ಆಗ್ತಾಳ" ಅಂದ್ರು. ಅಕ್ಕನ ಮಗ ಇನ್ನೇನೋ ಮೇಂಟೆನೆನ್ಸ್ ಕೋರ್ಸ್ ಹೇಳಿದ. ನಾ ಆರ್ಟ್ಸ್ ಓದಿ ಪಿಯುಸಿಗೆ ಬಿಟ್ಟಾಕಿ, ನನಗೇನು ತಿಳೀಬೇಕು? ಆದ್ರ ಮಗಳು ಹೇಳಿದ್ದನ್ನ ನನ್ನ ಅಡಗಿಮನಿ ಲೆಕ್ಕಕ್ಕ ತಂದಕೊಂಡೆ. ಒಲಿ ತಯಾರ ಮಾಡಾಂವ ಬ್ಯಾರೆ, ಕೆಟ್ಟ ಒಲಿ ರಿಪೇರಿ ಮಾಡಾಂವ ಬ್ಯಾರೆ, ಅದರ ಮ್ಯಾಲೆ ಅಡಗಿ ಮಾಡಾಕಿ ಬ್ಯಾರೆ. ಏರೋನಾಟಿಕಲ್ ಅಂದ್ರ ವಿಮಾನ ತಯಾರ ಮಾಡೂದು, ಮೇಂಟೆನೆನ್ಸ್ ಅಂದ್ರ ರಿಪೇರಿ. ಹಾರಿಸಲಿಕ್ಕೆ ಬೇಕಾಗಿದ್ದು ಡಿಗ್ರಿ ಅಲ್ಲ, ಲೈಸೆನ್ಸ್. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಅಂತ, ಡಿಜಿಸಿಎ ಅನ್ನೂ ಸರಕಾರಿ ಇಲಾಖೆ ಕೊಡ್ತದ. ಹದಿನೆಂಟು ತುಂಬಿರಬೇಕು, ಪಿಯುಸಿ ಒಳಗ ಫಿಜಿಕ್ಸ್, ಗಣಿತ ಪಾಸಾಗಿರಬೇಕು, ಡಾಕ್ಟರ ಪರೀಕ್ಷಾ ಪಾಸಾಗಬೇಕು, ಲಿಖಿತ ಪೇಪರ್ ಪಾಸಾಗಬೇಕು, 200 ತಾಸು ವಿಮಾನ ಹಾರಿಸಿರಬೇಕು. ಅದರಾಗ 100 ತಾಸು ತಾನೇ ಜವಾಬ್ದಾರಿ ತಗೊಂಡು ಹಾರಿಸಿರಬೇಕು.

ಆ 200 ತಾಸಿನ ರೊಕ್ಕಾ ಕೇಳಿ ಮಾತ್ರ ನನ್ನ ಕೈಯಾಗಿನ ಸೌಟು ಅಲ್ಲೇ ನಿಂತುಬಿಡ್ತು. ನಮಗ ಒಂದು ಕಡೆ ನಲವತ್ತೈದು ಲಕ್ಷ ಅಂದ್ರು, ಇನ್ನೊಂದು ಕಡೆ ಐವತ್ತರ ಮ್ಯಾಲೆ ಅಂದ್ರು. ಆಮ್ಯಾಲೆ ದೊಡ್ಡ ವಿಮಾನಕ್ಕ ಟೈಪ್ ರೇಟಿಂಗ್ ಅಂತ ಬ್ಯಾರೆ ತರಬೇತಿ ಅದಂತ, ಅದರ ಖರ್ಚು ಬ್ಯಾರೆ. ನಮ್ಮನಿಯವರು ಸೊಸೈಟಿಯಾಗ ಕ್ಲರ್ಕ್ ಆಗಿ ರಿಟೈರ್ ಆದಾವ್ರು. ನಮ್ಮ ಹತ್ರ ಇರೂದು ಈ ಮನಿ, ಮತ್ತ ಧಾರವಾಡದ ಹೊರಗ ನನ್ನ ಹೆಸರಿನಾಗ ಒಂದು ಜಾಗ. ಅದು ನಮ್ಮಪ್ಪ ಕೊಟ್ಟಿದ್ದು. ಸಣ್ಣಾಕಿ ಮದುವಿಗೆ ಇರಲಿ ಅಂತ ಇಪ್ಪತ್ತು ವರ್ಷದಿಂದ ಮುಟ್ಟಿರಲಿಲ್ಲ.

ಹುಬ್ಬಳ್ಳಿಯಾಗ ಒಂದು ಆಫೀಸಿಗೆ ಹೋದ್ವಿ. ಎಸಿ ಕೋಲಿ, ಗ್ವಾಡಿ ತುಂಬ ವಿಮಾನದ ಚಿತ್ರ. ಟೈ ಕಟ್ಟಿದ ಹುಡುಗ ಚಹಾ ತರಿಸಿ, "ಮೂರು ವರ್ಷದ ಏವಿಯೇಷನ್ ಡಿಗ್ರಿ, ಅದರ ಜೊತಿಗೇ ಲೈಸೆನ್ಸು, ಆಮ್ಯಾಲೆ ನೌಕರಿ. ಇವತ್ತು ಎರಡು ಲಕ್ಷ ಕಟ್ಟಿದ್ರ ಸೀಟು ನಿಮ್ಮದು, ನಾಳೆ ಇರಂಗಿಲ್ಲ" ಅಂದ. ಇವರು ಚೆಕ್‌ಬುಕ್ ತಂದಿದ್ರು. ಮಗಳು ನನ್ನ ಮುಖಾ ನೋಡಲಿಕ್ಕೆ ಹತ್ತಿದ್ಲು.

ನಮ್ಮ ಓಣ್ಯಾಗ ವಾಯುಪಡೆಯಿಂದ ರಿಟೈರ್ ಆದ ಕಾಕಾ ಒಬ್ಬರಿದ್ದಾರ. ಹಿಂದಿನ ದಿನಾ ಸಂಜಿಮುಂದ ತುಳಸಿ ಎಲಿ ಕೇಳಲಿಕ್ಕೆ ಬಂದಾಗ ಅವರು ಒಂದ ಮಾತು ಹೇಳಿದ್ರು: "ತಂಗಿ, ರೊಕ್ಕಾ ಕಟ್ಟೂಕಿಂತ ಮೊದಲ ಮೆಡಿಕಲ್ ಮಾಡಸ್ರಿ. ಬಾಕಿ ಎಲ್ಲಾ ಆಮ್ಯಾಲೆ." ಅದು ತಲಿಯಾಗಿತ್ತು. ನಾ ಆ ಹುಡುಗನ್ನ ಕೇಳಿದೆ, "ಏನಪಾ, ಇವತ್ತ ರೊಕ್ಕಾ ಕಟ್ಟಿ, ನಾಳೆ ಡಾಕ್ಟರ ಪರೀಕ್ಷಾದಾಗ ಈಕಿ ಫೇಲ್ ಆದ್ರ ವಾಪಸ್ ಕೊಡ್ತೀರೇನು?" ಅಂವ ನಕ್ಕ. "ಆಂಟಿ, ಎಲ್ಲಾರೂ ಪಾಸಾಗ್ತಾರ" ಅಂದ. "ಹಾರೂ ವಿಮಾನ ನಿಮ್ಮವು ಎಷ್ಟವ?" ಅಂದೆ. ಅದಕ್ಕೂ ನಕ್ಕ. ನಾ ಎದ್ದೆ. ಬಸ್ಸಿನಾಗ ಬರೂವಾಗ ಮೂರೂ ಮಂದಿ ಮಾತಾಡಲಿಲ್ಲ. ಮಗಳು ಕಿಡಕಿ ಕಡೆ ಮುಖಾ ಮಾಡಿ ಅತ್ಲು. ನಾ ತಪ್ಪು ಮಾಡಿದೆನೇನೋ ಅಂತ ನನಗೂ ಅನ್ನಿಸ್ತು.

ಡಿಜಿಸಿಎ ವೆಬ್‌ಸೈಟಿನಾಗ ಅವರು ಒಪ್ಪಿದ ಡಾಕ್ಟರ ಪಟ್ಟಿ ಅದ, ಒಪ್ಪಿದ ತರಬೇತಿ ಶಾಲೆಗಳ ಪಟ್ಟಿನೂ ಅದ. ಮಗಳೇ ಹುಡುಕಿದ್ಲು. ರಾತ್ರಿ ರೈಲಿಗೆ ನಾನೂ ಆಕಿನೂ ಬೆಂಗಳೂರಿಗೆ ಹೋದ್ವಿ. ಕಣ್ಣು, ಕಿವಿ, ಎದಿ, ರಕ್ತ, ಎಲ್ಲಾ ನೋಡಿದ್ರು. ಬಣ್ಣದ ಚುಕ್ಕಿ ಒಳಗ ಅಡಗಿದ ಅಂಕಿ ಓದಸ್ತಾರ, ಬಣ್ಣ ಸರಿ ಗುರುತಸ್ತಾರೋ ಇಲ್ಲೋ ಅಂತ. ಆಕಿಗೆ ಕನ್ನಡಕ ಅದ, ಅದೇ ನನಗ ಚಿಂತಿ ಇತ್ತು. ಆದ್ರ ಕನ್ನಡಕ ಹಾಕ್ಕೊಂಡು ನೆಟ್ಟಗ ಕಂಡ್ರ ನಡೀತದಂತ. ಕಣ್ಣು ಪಾಸ್, ಕಿವಿ ಪಾಸ್. ಸಿಕ್ಕಿಹಾಕಿಕೊಂಡಿದ್ದು ರಕ್ತದಾಗ. ಹಿಮೋಗ್ಲೋಬಿನ್ ಕಮ್ಮಿ. "ಸರಿ ಮಾಡಿಕೊಂಡು ಮತ್ತ ಬರ್ರಿ" ಅಂದ್ರು ಡಾಕ್ಟರು.

ಅಲ್ಲೇ ಹೊರಗಿನ ಬೆಂಚಿನ ಮ್ಯಾಲೆ ಕೂತೆ. ನನ್ನ ಎದಿಗೆ ಯಾರೋ ಗುದ್ದಿದಂಗಾತು. ಮೂವತ್ತು ವರ್ಷದಿಂದ ಅಡಗಿ ಮಾಡಾಕಿ ನಾ. ನನ್ನ ಕೈಯಾಗ ಉಂಡ ಹುಡುಗಿಗೆ ರಕ್ತ ಕಮ್ಮಿ! ವಿಚಾರ ಮಾಡಿದಷ್ಟೂ ನೆಪ್ಪಾಗ್ತಾ ಹೋತು. ಗಂಡಸರು ಮೊದಲ ಉಣ್ತಾರ, ಅತ್ತಿಗೆ ತಾಟು ಒಳಗ ಹೋಗ್ತದ, ಕಡೀಕ ನಾನೂ ಆಕಿನೂ ಅಡಗಿಮನ್ಯಾಗ ಕೂತು ಉಳಿದಿದ್ದು ಉಣ್ತೀವಿ. ಪಲ್ಯಾ ತಳಕ್ಕ ಬಂದಿರ್ತದ, ಉಪ್ಪಿನಕಾಯಿ ಹಚ್ಚಿಕೊಂಡು ಮುಗಸ್ತೀವಿ. ಮುಂಜಾನೆ ಆಕಿ ಚಹಾ ಕುಡದು ಕಾಲೇಜಿಗೆ ಓಡ್ತಿದ್ಲು. ಆಕಿನ್ನ ಹಾಂಗ ಉಣ್ಣಲಿಕ್ಕೆ ಕಲಿಸಿದಾಕಿ ನಾನ. ನನಗ ನಮ್ಮವ್ವ ಕಲಿಸಿದ್ಲು.

ಧಾರವಾಡಕ್ಕ ಬಂದು ನಮ್ಮ ಡಾಕ್ಟರ ಕಡೆ ಹೋದ್ವಿ. ನನ್ನ ರಕ್ತಾನೂ ತಗಿಸಿದೆ. ನನ್ನದು ಆಕಿಗಿಂತ ಕಮ್ಮಿ ಬಂತು. ಇಬ್ಬರಿಗೂ ಗುಳಿಗಿ ಕೊಟ್ಟು, ಗುಳಿಗಿ ಜೋಡಿ ಚಹಾ ಕುಡೀಬ್ಯಾಡ್ರಿ, ಲಿಂಬಿಹಣ್ಣಿನ ಪಾನಕ ಕುಡೀರಿ ಅಂದ್ರು. ಅವತ್ತಿನಿಂದ ನಮ್ಮ ಮನ್ಯಾಗ ಒಂದು ಪದ್ಧತಿ ಬದಲಾತು: ಎಲ್ಲಾರದ್ದೂ ತಾಟು ಒಂದ ಸಲಾ ಹಾಕೂದು, ಎಲ್ಲಾರೂ ಕೂಡೇ ಉಣ್ಣೂದು. ಭಕ್ಕರಿ ಆರಿದ್ರ ಆರಲಿ. ಇವರು ಎರಡು ದಿನಾ ಮುಖಾ ಸಣ್ಣದು ಮಾಡಿದ್ರು, ಮೂರನೇ ದಿನಾ ತಾವೇ ತಾಟು ಇಡಲಿಕ್ಕೆ ಬಂದ್ರು. ನುಗ್ಗಿ ಸೊಪ್ಪಿನ ಪಲ್ಯಾ, ಮಡಿಕಿ ಕಾಳು, ಹುರಗಡ್ಲಿ, ಅಳವಿ ಉಂಡಿ ಎಲ್ಲಾ ನಡದವು. ನಾಕು ತಿಂಗಳಿಗೆ ಆಕಿ ಮೆಡಿಕಲ್ ಆತು. ಮೊದಲು ಕ್ಲಾಸ್ ಟೂ ಅಂತ, ಅದಾದ ಮ್ಯಾಲೆ ಕ್ಲಾಸ್ ಒನ್. ಅವತ್ತು ಹುಬ್ಬಳ್ಳಿಯಾಗ ಎರಡು ಲಕ್ಷ ಕಟ್ಟಿದ್ದಿದ್ರ, ಆ ನಾಕು ತಿಂಗಳು ನಾವು ಹೆಂಗ ಮಲಗತಿದ್ವೋ ಏನೋ.

ಆಮ್ಯಾಲೆ ಕಾಲೇಜಿನ ಮಾತು ಬಂತು. ಇವರದು ಇಂಜಿನಿಯರಿಂಗ್ ಹಟ, ಆಕಿದು ನೇರ ಹಾರಲಿಕ್ಕೆ ಹೋಗೂ ಹಟ. ನಾ ಕೇಳಿದೆ, "ಪೈಲಟ್ ಆದ ಮ್ಯಾಲೂ ಮೆಡಿಕಲ್ ಮಾಡಸ್ತಾರೇನು?" ವರ್ಷಾ ವರ್ಷಾ ಮಾಡಸ್ಬೇಕಂತ. "ಹಂಗಾದ್ರ ಮೂವತ್ತೈದಕ್ಕ ಕಿವಿನೋ ಎದಿನೋ ಕೈಕೊಟ್ರ ಏನು ಮಾಡ್ತಿ?" ಆಕಿ ಸುಮ್ಮನಾದ್ಲು. ಅದಕ್ಕ ಒಂದು ಡಿಗ್ರಿ ಕೈಯಾಗಿರಲಿ, ಆದ್ರ ಅದಕ್ಕ ಲಕ್ಷಗಟ್ಟಲೆ ಸುರೀಬ್ಯಾಡ ಅಂತ ತೀರ್ಮಾನ ಮಾಡಿದ್ವಿ. ಇಲ್ಲೇ ಧಾರವಾಡದಾಗ ಸಾದಾ ಬಿಎಸ್‌ಸಿ, ಮನಿ ಊಟ, ಸಂಜಿಗೆ ಡಿಜಿಸಿಎ ಪೇಪರಿನ ಓದು. ಡಿಗ್ರಿ ಮುಗಿದ ಮ್ಯಾಲೆ ಹಾರೂ ತರಬೇತಿ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಾಗ ಇಂದಿರಾ ಗಾಂಧಿ ಹೆಸರಿನ ಸರಕಾರಿ ಅಕಾಡೆಮಿ ಅದ, ಅದಕ್ಕ ಎಂಟ್ರನ್ಸ್ ಬರೀತಾಳ. ಬೆಂಗಳೂರಿನ ಜಕ್ಕೂರಿನಾಗ ನಮ್ಮ ರಾಜ್ಯದ್ದ ಶಾಲಿ ಅದ. ಬೆಳಗಾವಿ, ಕಲಬುರಗಿ ಕಡೆನೂ ತರಬೇತಿ ಬಂದದ.

ರೊಕ್ಕಕ್ಕ ಬ್ಯಾಂಕಿನವರು ಮನಿ ಒತ್ತಿ ಇಡ್ರಿ ಅಂದ್ರು. ಅತ್ತಿ ಇರೂ ಮನಿ ನಾ ಒತ್ತಿ ಇಡಂಗಿಲ್ಲ ಅಂದೆ. ನನ್ನ ಜಾಗ ಮಾರತೀನಿ, ಉಳಿದಷ್ಟಕ್ಕ ಸಾಲ ನೋಡೂಣು. ನಮ್ಮ ನಾದಿನಿ, "ಮದುವಿಗೆ ಏನು ಮಾಡ್ತೀ ವೈನಿ?" ಅಂದ್ಲು. ನಿಜಾ ಹೇಳ್ತೀನಿ, ಆ ರಾತ್ರಿ ನನಗ ನಿದ್ದಿ ಬರಲಿಲ್ಲ. ನಮ್ಮಪ್ಪನ ಜಾಗ ಅದು. ಮತ್ತ ಲೈಸೆನ್ಸ್ ಬಂದ ಕೂಡಲೇ ನೌಕರಿ ಬರ್ತದಂತ ಬರದುಕೊಟ್ಟಾವ್ರು ಯಾರೂ ಇಲ್ಲ. ಲೈಸೆನ್ಸ್ ಇಟಗೊಂಡು ದಾರಿ ಕಾಯೂ ಹುಡುಗರೂ ಇದ್ದಾರ. ಇದನ್ನ ಮಗಳಿಗೆ ಮುಚ್ಚಿಡಲಿಲ್ಲ. "ಹಾಂಗಾದ್ರ ಬಿಎಸ್‌ಸಿ ಮ್ಯಾಲೆ ಸಾಲಿ ಕಲಿಸ್ತೀನವ್ವಾ, ಸಾಲ ನಾನೇ ತೀರಸ್ತೀನಿ" ಅಂದ್ಲು. ಜಾಗ ಇನ್ನೂ ಮಾರಿಲ್ಲ. ಮಾರೂ ದಿನಾ ಹತ್ರ ಬಂದದ.

ಈಗ ಆಕಿ ಎರಡನೇ ವರ್ಷ. ಒಂದೊಂದು ಪೇಪರಿಗೂ ನೂರಕ್ಕ 70 ಬೇಕು. ಮೀಟಿಯರಾಲಜಿ ಮತ್ತ ರೆಗ್ಯುಲೇಷನ್ ಪಾಸ್, ನ್ಯಾವಿಗೇಷನ್ ಒಂದ ಸಲಾ ಹೋಗ್ಯಾದ. ಮೀಟಿಯರಾಲಜಿ ಓದಿಸಿದಾಕಿ ನಾನ ಅಂದ್ರ ನಗಬ್ಯಾಡ್ರಿ. ಮೋಡ, ಮಂಜು, ಘಟ್ಟದ ಮಳಿ, ಅಡ್ಡಮಳಿ ಸಿಡಿಲು, ಇವು ಹಪ್ಪಳ ಒಣಗಿಸಾಕಿಗೆ ಹೊಸಾವೇನು? ಈಗ ರೇಡಿಯೋ ಪರೀಕ್ಷಾದ ತಯಾರಿ. ನಾ ಅವರಿಕಾಯಿ ಸುಲೀತಾ ಒಂದೊಂದು ಅಕ್ಷರ ಕೇಳ್ತೀನಿ, ಆಕಿ ಅಲ್ಫಾ, ಬ್ರಾವೋ, ಚಾರ್ಲಿ ಅಂತಾಳ. ಒಂಬತ್ತಕ್ಕ ನೈನ್ ಅನ್ನಬಾರದಂತ, ನೈನರ್ ಅನ್ನಬೇಕಂತ. ಮೊನ್ನೆ ಅತ್ತಿ ಮೊಬೈಲ್ ನಂಬರ್ ಹೇಳೂವಾಗ ನೈನರ್ ಅಂದ್ರು.

ನಿಮ್ಮ ಮನ್ಯಾಗೂ ಯಾವುದಾದ್ರೂ ಹುಡುಗಿ ಹಿಂಗ ಅಂದ್ರ ಬೈಯಬ್ಯಾಡ್ರಿ, ಓಡಿ ಹೋಗಿ ರೊಕ್ಕಾನೂ ಕಟ್ಟಬ್ಯಾಡ್ರಿ. ಮೊದಲ ಡಾಕ್ಟರ ಕಡೆ ಕರಕೊಂಡು ಹೋಗ್ರಿ. ಅದಕ್ಕೂ ಮೊದಲ, ಇವತ್ತ ರಾತ್ರಿ ಆಕಿ ತಾಟಿನಾಗ ಏನದ ಅಂತ ಒಂದ ಸಲಾ ನೋಡ್ರಿ.

ಕುಕ್ಕರ್ ಮೂರನೇ ಸೀಟಿ ಹೊಡೀತು. ಬರ್ತೀನಿ.