ನಮ್ಮನೆ ಗೋಡೆಗೆ ಯಾರ ಪರ್ಮಿಷನ್?

“ನಮ್ಮನೆ ಗೋಡೆ ಒಡೆಯೋದಕ್ಕೆ ಯಾರ ಪರ್ಮಿಷನ್ ಬೇಕ್ರೀ?”

ಕಳೆದ ಸೆಮಿಸ್ಟರ್ ರಜೆಯಲ್ಲಿ ಮೈಸೂರಿನ ನಮ್ಮ ಮನೆಯ ಹಾಲ್‌ನಲ್ಲಿ ಕೂತು ಅಪ್ಪ ಕೇಳಿದ ಪ್ರಶ್ನೆ ಇದು. ಕೇಳಿದ್ದು ಎದುರಿಗೆ ಕಾಫಿ ಲೋಟ ಹಿಡ್ಕೊಂಡು ಕೂತಿದ್ದ ಮೇಸ್ತ್ರಿಯನ್ನ. ಅವರು ನಕ್ಕು, “ಯಾರ್ದೂ ಬೇಡ ಸಾರ್. ನಿಮ್ಮನೆ, ನಿಮ್ಮಿಷ್ಟ. ಎರಡು ದಿನದ ಕೆಲಸ” ಅಂದ್ರು. ಸಿವಿಲ್ ಇಂಜಿನಿಯರಿಂಗ್ ಎರಡನೇ ವರ್ಷ ಓದ್ತಿರೋ ಮಗಳು ಅಲ್ಲೇ ದಿವಾನ್ ಮೇಲೆ ಫೋನ್ ನೋಡ್ತಾ ಬಿದ್ದುಕೊಂಡಿದ್ದಾಳೆ ಅನ್ನೋದು ಇಬ್ಬರಿಗೂ ನೆನಪಿಗೆ ಬರಲಿಲ್ಲ. ನಿಜ ಹೇಳ್ಬೇಕು ಅಂದ್ರೆ ನನಗೂ ಬರಲಿಲ್ಲ.

ಅದು ಹಾಲ್‌ಗೂ ಅಡುಗೆಮನೆಗೂ ನಡುವೆ ಇರೋ ಗೋಡೆ. ಅಮ್ಮ ಮದುವೆಯಾಗಿ ಬಂದಾಗಿನಿಂದ ಆ ಗೋಡೆಗೆ ಮುಖ ಮಾಡ್ಕೊಂಡು ಅಡುಗೆ ಮಾಡ್ತಿದ್ದಾಳೆ. ಹಾಲ್‌ನಲ್ಲಿ ನಾವೆಲ್ಲ ನಗ್ತಾ ಇದ್ರೆ ಒಳಗಿಂದ “ಏನಂತೆ? ಯಾಕೆ ನಗ್ತಿದ್ದೀರಾ?” ಅಂತ ಕೂಗಿ ಕೇಳ್ತಾಳೆ. ಕುಕ್ಕರ್ ಸದ್ದು ನಿಂತು ನಾವು ಹೇಳೋ ಹೊತ್ತಿಗೆ ಜೋಕ್ ತಣ್ಣಗಾಗಿರುತ್ತೆ. ಈ ಸಲ ಅಪ್ಪನಿಗೆ ಚೀಟಿ ದುಡ್ಡು ಬಂತು. ಯಾವತ್ತೂ ಏನೂ ಕೇಳದ ಅಮ್ಮ ಒಂದೇ ಒಂದು ಕೇಳಿದ್ಲು: ಓಪನ್ ಕಿಚನ್.

ಮೇಸ್ತ್ರಿ ಎದ್ದು ಗೋಡೆಗೆ ಬೆರಳಲ್ಲಿ ತಟ್ಟಿದ್ರು. ನಾನೂ ಎದ್ದು ಬಾಗಿಲ ಹತ್ರ ಗೋಡೆಯ ದಪ್ಪ ನೋಡಿದೆ. ಒಂಬತ್ತು ಇಂಚು. ಆಗ ಸ್ವಲ್ಪ ಎಚ್ಚರ ಆಯ್ತು. ನಮ್ಮ ಮನೆ 1989ರಲ್ಲಿ ತಾತ ಕಟ್ಟಿಸಿದ್ದು. ಅದರಲ್ಲಿ ಒಂದೂ ಪಿಲ್ಲರ್ ಇಲ್ಲ. ಛಾವಣಿಯ ಭಾರ ಗೋಡೆಗೆ, ಗೋಡೆಯಿಂದ ಪಾಯಕ್ಕೆ. ಲೋಡ್ ಬೇರಿಂಗ್ ಅಂತ ಪರೀಕ್ಷೆಯಲ್ಲಿ ನೀಟಾಗಿ ಚಿತ್ರ ಬರೆದು ಮಾರ್ಕ್ಸ್ ತಗೊಂಡಿದ್ದೆ. ಹತ್ತೊಂಬತ್ತು ವರ್ಷದಿಂದ ಅದರೊಳಗೇ ಮಲಗ್ತಿದ್ದೀನಿ ಅಂತ ಮಾತ್ರ ಹೊಳೆದಿರಲಿಲ್ಲ.

“ಅಣ್ಣ, ಇದು ಭಾರದ ಗೋಡೆ ಅಲ್ವಾ?” ಅಂದೆ.

“ಒಂದು ಐರನ್ ಚಾನಲ್ ಕೊಟ್ಬಿಡೋಣ ಪುಟ್ಟಿ.”

“ಎಷ್ಟು ಸೈಜಿಂದು?”

“ನೋಡ್ಕೊಂಡು ಹಾಕೋಣ.”

ಮೇಸ್ತ್ರಿ ಕೆಟ್ಟವರಲ್ಲ. ನಮ್ಮ ಬೀದಿಯ ಅರ್ಧ ಮನೆ ಅವರೇ ಕಟ್ಟಿದ್ದು, ಯಾವುದೂ ಬಿದ್ದಿಲ್ಲ. ಆದ್ರೆ “ನೋಡ್ಕೊಂಡು” ಅನ್ನೋ ಪದ ನನಗೆ ರಾತ್ರಿಯೆಲ್ಲ ಕಾಡ್ತು. ಯಾಕಂದ್ರೆ ಮಹಡಿ ಮೇಲೆ ಬಾಡಿಗೆಗೆ ಒಂದು ಸಂಸಾರ ಇದೆ. ಗಂಡ, ಹೆಂಡತಿ, ಮೂರು ವರ್ಷದ ಪಾಪು. ಅವರ ಮನೆಯ ಗೋಡೆ ಸರಿಯಾಗಿ ಈ ಗೋಡೆಯ ನೆತ್ತಿ ಮೇಲೇ ಕೂತಿದೆ. ಪೆನ್ಸಿಲ್ ತಗೊಂಡು ಲೆಕ್ಕ ಹಾಕಿದೆ. ಹತ್ತಡಿ ಉದ್ದ, ಹತ್ತಡಿ ಎತ್ತರ, ಒಂಬತ್ತು ಇಂಚು ದಪ್ಪ ಅಂದ್ರೆ ಸುಮಾರು 2 ಘನ ಮೀಟರ್ ಇಟ್ಟಿಗೆ. ಘನ ಮೀಟರಿಗೆ ಹತ್ತಿರ ಹತ್ತಿರ 2 ಟನ್. ಮೇಲಿನ ಆ ಒಂದು ಗೋಡೆಯೇ 4 ಟನ್, ಎರಡು ಛಾವಣಿಗಳ ಭಾರ ಬೇರೆ.

ಬೆಳಿಗ್ಗೆ ಅಪ್ಪನಿಗೆ ಟನ್ನು, ಕಿಲೋನ್ಯೂಟನ್ ಎಲ್ಲ ಹೇಳಿದೆ. ಪೇಪರ್ ಮಡಚಲೇ ಇಲ್ಲ. ಆಮೇಲೆ, “ಅಪ್ಪ, ದಸರಾದ ಚಿನ್ನದ ಅಂಬಾರಿ 750 ಕೆಜಿ ಅಲ್ವಾ? ಆ ಗೋಡೆ ತಲೆ ಮೇಲೆ ಅಂಥ ಐದು ಅಂಬಾರಿ ಇದೆ” ಅಂದೆ. ಮೈಸೂರಿನವರಿಗೆ ತೂಕ ಅರ್ಥ ಆಗೋದು ಹೀಗೆ. ಪೇಪರ್ ಕೆಳಗಿಳೀತು. “ಅದಕ್ಕೇನೀಗ? ಪರ್ಮಿಷನ್ ತಗೊಂಡ್ರೆ ಅಂಬಾರಿ ಹಗುರ ಆಗುತ್ತಾ?”

ಉತ್ತರ ನನ್ನ ಹತ್ರ ಇರಲಿಲ್ಲ. ಹುಡುಕೋಕೆ ಕೂತೆ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ; ‘ಪರವಾನಗಿ’ವರೆಗೂ ಹೇಗೋ ಬಂದೆ, ‘ಸ್ವಾಧೀನಾನುಭವ ಪತ್ರ’ ಅಂತ ಬಂದಾಗ ಮಧ್ಯದಲ್ಲಿ ಒಂದು ಸಲ ಉಸಿರು ತಗೋಬೇಕಾಯ್ತು. (ಒಸಿ ಅಂತೀವಲ್ಲ, ಅದೇ!) ಇಂಗ್ಲಿಷ್ ಪಿಡಿಎಫ್ ಏನು ಸುಲಭ ಇರಲಿಲ್ಲ ಬಿಡಿ.

ತಿಳಿದಿದ್ದು ಇಷ್ಟು. ಬಿಐಎಸ್‌ನವರ ನ್ಯಾಷನಲ್ ಬಿಲ್ಡಿಂಗ್ ಕೋಡ್ 2016ರಲ್ಲಿ ಅನುಮತಿ ಬೇಡದ ಕೆಲಸಗಳ ಒಂದು ಪಟ್ಟಿಯೇ ಇದೆ. ಸುಣ್ಣ, ಪೇಂಟು, ಪ್ಲಾಸ್ಟರ್ ತೇಪೆ, ನೆಲಕ್ಕೆ ಹೊಸ ಟೈಲ್ಸು, ಫಾಲ್ಸ್ ಸೀಲಿಂಗು, ಪಾರ್ಟಿಷನ್ನು, ಕಿಟಕಿ ಬಾಗಿಲು ಇಡೋದು ಮುಚ್ಚೋದು, ಇವೆಲ್ಲ ಅದರಲ್ಲಿ ಬರುತ್ತೆ. ಅಂದ್ರೆ ನಾವು ‘ರಿನೋವೇಷನ್’ ಅನ್ನೋದರಲ್ಲಿ ಮುಕ್ಕಾಲು ಪಾಲಿಗೆ ಯಾರನ್ನೂ ಕೇಳಬೇಕಿಲ್ಲ, ಮೇಸ್ತ್ರಿ ಹೇಳಿದ್ದು ಅಷ್ಟರಮಟ್ಟಿಗೆ ಸರಿ. ಆದ್ರೆ ಆ ವಿನಾಯಿತಿಗೆ ಒಂದು ಬಾಲ ಇದೆ: ಕಟ್ಟಡದ ಬಲ, ಬೆಂಕಿ, ಆರೋಗ್ಯ ಇವುಗಳ ನಿಯಮ ಮುರಿಯಬಾರದು. ಅದೇ ಕೋಡ್ ‘ಆಲ್ಟರೇಷನ್’ ಅನ್ನೋ ಪದಕ್ಕೆ ಅರ್ಥ ಕೊಡುವಾಗ ವಿಸ್ತೀರ್ಣ, ಎತ್ತರ ಹೆಚ್ಚಿಸೋದರ ಜೊತೆಗೆ ಗೋಡೆ, ಕಂಬ, ತೊಲೆಯನ್ನ ಕೊರೆಯೋದು, ತೆಗೆಯೋದನ್ನೂ ಸೇರಿಸುತ್ತೆ. ಕೋಡ್ ತಾನೇ ಕಾನೂನಲ್ಲ, ಆಯಾ ಊರಿನ ಬೈಲಾನೇ ಕಾನೂನು. ಆದ್ರೆ ಬೈಲಾಗಳೂ ಬಹುಮಟ್ಟಿಗೆ ಇದೇ ದಾರಿ ಹಿಡಿಯುತ್ತವೆ. ಇನ್ನು 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ಸ್ ಆಕ್ಟ್‌ನ 321ನೇ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದೆ ಮಾಡಿದ ಕೆಲಸವನ್ನ ನೋಟಿಸ್ ಕೊಟ್ಟು ಕೆಡವಿಸೋ ಅಧಿಕಾರ ಕಮಿಷನರ್‌ಗೆ ಇದೆ.

ಅಂಬಾರಿ ಹಗುರ ಆಗಲ್ಲ. ಆದ್ರೆ ಅರ್ಜಿ ಜೊತೆ ನಕ್ಷೆ ಕೊಡ್ಬೇಕು, ನಕ್ಷೆಗೆ ಓದಿದವರೊಬ್ಬರು ಸಹಿ ಹಾಕ್ಬೇಕು, ಸಹಿ ಹಾಕೋರು ಚಾನಲ್ ಸೈಜನ್ನ ‘ನೋಡ್ಕೊಂಡು’ ಅಂತ ಬರೆಯೋಕಾಗಲ್ಲ. ಇದನ್ನ ಅಪ್ಪನಿಗೆ ಹೇಳಿದೆ. ಗೆದ್ದೆ ಅಂದ್ಕೊಂಡೆ. ಅಪ್ಪ ಏನೂ ಮಾತಾಡದೆ ಅಟ್ಟದಿಂದ ಟ್ರಂಕ್ ಇಳಿಸಿದ್ರು.

ಅದರೊಳಗೆ ತಾತನ ಕಾಲದ ನಕ್ಷೆ ಇತ್ತು. ಮಡಿಕೆಯಲ್ಲೆಲ್ಲ ಹರಿದು, ನೀಲಿ ಬಣ್ಣ ಅರ್ಧ ಹೋಗಿರೋದು. ಮೂಲೆಯಲ್ಲಿ ತಾತನ ಸಹಿ. ಹಾಲ್, ಅಡುಗೆಮನೆ, ಎರಡು ರೂಮು, ಪಕ್ಕದಲ್ಲಿ ಮೆಟ್ಟಿಲು. ಮಹಡಿ ಕಟ್ಟಿದಾಗಿನ ಇನ್ನೊಂದು ನಕ್ಷೆಯೂ ಇತ್ತು. ಅಪ್ಪ ಎರಡನ್ನೂ ನೆಲದ ಮೇಲೆ ಹರಡಿ ಹಿಂಭಾಗದ ಖಾಲಿ ಜಾಗಕ್ಕೆ ಬೆರಳಿಟ್ಟು ಕೇಳಿದ್ರು, “ಇಲ್ಲಿ ಏನಿದೆ ಹೇಳು.”

ನಕ್ಷೆಯಲ್ಲಿ ಏನೂ ಇರಲಿಲ್ಲ. ಮನೆಯಲ್ಲಿ ಅಜ್ಜಿಯ ಬಚ್ಚಲುಮನೆ ಇದೆ.

ಹನ್ನೆರಡು ವರ್ಷದ ಹಿಂದೆ ಅಜ್ಜಿಗೆ ಮಂಡಿ ಬಗ್ಗಿಸೋಕಾಗದೇ ಹೋದಾಗ ಅವಳ ರೂಮಿಗೆ ಅಂಟಿಕೊಂಡ ಹಾಗೆ ಅಪ್ಪ ಕಟ್ಟಿಸಿದ್ದು. ವೆಸ್ಟರ್ನ್ ಕಮೋಡ್, ಗೋಡೆಗೆ ಹಿಡಿಕಂಬಿ, ಜಾರದ ಟೈಲ್ಸ್. ಬಿಡಬೇಕಾಗಿದ್ದ ಸೆಟ್‌ಬ್ಯಾಕ್‌ನಲ್ಲಿ. ಯಾರನ್ನೂ ಕೇಳದೆ. “ಈಗ ಗೋಡೆಗೆ ಅರ್ಜಿ ಹಾಕಿದ್ರೆ ಬಂದು ಬರೀ ಗೋಡೆ ಅಳೀತಾರಾ?” ಅಂದ್ರು ಅಪ್ಪ. ಸಿಟ್ಟಿನಿಂದ ಹೇಳಲಿಲ್ಲ. ಅದೇ ನನಗೆ ಕಷ್ಟ ಆಗಿದ್ದು.

ಅಪ್ಪನಿಗೆ ಪರ್ಮಿಷನ್ ವಿಷಯ ಗೊತ್ತಿಲ್ಲ ಅಂತ ನಾನು ಪಾಠ ಮಾಡೋಕೆ ಹೊರಟಿದ್ದೆ. ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಇಂಥದ್ದನ್ನ ಸಕ್ರಮ ಮಾಡಿಸೋಣ ಅಂದ್ರೆ, ಅಕ್ರಮ–ಸಕ್ರಮ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತ್ತು. ಆ ಪೇಪರ್ ಕಟಿಂಗೂ ಟ್ರಂಕ್‌ನಲ್ಲಿತ್ತು! ಸಂಜೆ ವಾಕಿಂಗ್ ಹೋದಾಗ ಸೆಟ್‌ಬ್ಯಾಕ್ ಪೂರ್ತಿ ಬಿಟ್ಟಿರೋ ಮನೆ ಒಂದಾದರೂ ಇದೆಯಾ ಅಂತ ನೋಡ್ತಾ ಹೋದೆ. ನಮ್ಮ ಬೀದಿಯ ತುದಿ ಬಂತು, ಮನೆ ಸಿಗಲಿಲ್ಲ. ಎಲ್ಲರ ಮನೆಯಲ್ಲೂ ಒಂದೊಂದು ಬಚ್ಚಲುಮನೆ ಇದೆ. ಅದನ್ನ ಬಚ್ಚಿಡೋಕೆ ಹೋಗಿ ನಿಜವಾಗಲೂ ಯಾರಾದರೂ ನೋಡಲೇಬೇಕಾದ ಗೋಡೆಯನ್ನೂ ಯಾರಿಗೂ ತೋರಿಸೋದಿಲ್ಲ. ಸೆಟ್‌ಬ್ಯಾಕ್‌ನ ಬಚ್ಚಲಿಂದ ಗಾಳಿ ಬೆಳಕು ಕಮ್ಮಿ ಆಗಬಹುದು, ಪಕ್ಕದ ಮನೆಯವರು ಗೊಣಗಬಹುದು. ಗೋಡೆ ಹಾಗಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ದೇವರಾಜ ಮಾರ್ಕೆಟ್ ನೆನಪು ಮಾಡಿದ್ಲು. 2016ರಲ್ಲಿ ಅದರ ಒಂದು ಭಾಗ ಕುಸಿದಿದ್ದು ರಿಪೇರಿ ಕೆಲಸ ನಡೀತಿದ್ದಾಗಲೇ. ನೂರು ವರ್ಷಕ್ಕಿಂತ ಹೆಚ್ಚು ನಿಂತಿದ್ದ ಕಟ್ಟಡ. “ಸುಮ್ನೆ ನಿಂತಿರೋದನ್ನ ಮುಟ್ಟುವಾಗ್ಲೇ ಭಯ ಕಣೇ” ಅಂದ್ಲು. ನಮ್ಮ ಯಾವ ಸಬ್ಜೆಕ್ಟ್‌ನ ಮೇಷ್ಟ್ರೂ ಇಷ್ಟು ಸುಲಭವಾಗಿ ಹೇಳಿರಲಿಲ್ಲ.

ಅಪ್ಪ ಒಪ್ಪಿದ್ದು ಅರ್ಧ: ಮೊದಲು ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಲಿ, ಅರ್ಜಿ ವಿಷಯ ಆಮೇಲೆ. ಬಂದವರು ಒಬ್ಬರು ಮೇಡಂ. ಎರಡು ಗಂಟೆ ಅಳೆದ್ರು, ಮೇಲಿನ ಮನೆಗೂ ಹೋಗಿ ನೋಡಿದ್ರು, ಗೋಡೆ ಬುಡದಲ್ಲಿ ಒಂದು ಕಡೆ ಅಗೆಸಿ ಪಾಯವನ್ನೂ ನೋಡಿದ್ರು. ಪೂರ್ತಿ ತೆಗೆಯೋದಾದ್ರೆ ಸ್ಟೀಲ್ ಬೀಮ್ ಬೇಕು, ಅದರ ಎರಡು ತುದಿ ಕೂರೋ ಜಾಗದಲ್ಲಿ ಅಷ್ಟೂ ಭಾರ ಒಟ್ಟಾಗುತ್ತೆ, ಅಲ್ಲಿ ಪಾಯ ಗಟ್ಟಿ ಮಾಡ್ಬೇಕು. ಅವರು ಹೇಳಿದ ಖರ್ಚು ಕೇಳಿ ಚೀಟಿ ದುಡ್ಡು ಅಲ್ಲೇ ಮುಗೀತು. ಇನ್ನೊಂದು ದಾರಿ: ನಾಲ್ಕಡಿ ಅಗಲದ ಕಿಂಡಿ, ಮೇಲೆ ಲಿಂಟಲ್. ಅದಕ್ಕೂ ಮೊದಲು ಛಾವಣಿಗೆ ಜಾಕಿ ಕೊಟ್ಟು ನಿಲ್ಲಿಸಿ, ಗೋಡೆಯ ದಪ್ಪದಲ್ಲಿ ಅರ್ಧ ಮಾತ್ರ ಒಂದು ಕಡೆಯಿಂದ ಕೊರೆದು ಲಿಂಟಲ್ ಕೂರಿಸಿ, ಅದು ಗಟ್ಟಿಯಾದ ಮೇಲೆ ಇನ್ನೊಂದು ಕಡೆ. ಎರಡು ದಿನದ ಕೆಲಸ ಎರಡು ವಾರದ್ದಾಯ್ತು. ಮೇಸ್ತ್ರಿ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸ್ಕೊಂಡ್ರು, ಒಂದೆರಡು ಪ್ರಶ್ನೆ ನನಗಿಂತ ಒಳ್ಳೇವು ಕೇಳಿದ್ರು.

“ಕಿಂಡಿನಾ? ಹೋಟೆಲ್ ಕೌಂಟರ್ ಥರಾನಾ?” ಅಂದ್ಲು ಅಮ್ಮ. ಅವಳ ಮುಖ ನೋಡೋಕಾಗಲಿಲ್ಲ. ಆಮೇಲೆ ಅವಳೇ, “ಟಿವಿ ಕಾಣುತ್ತೆ ತಾನೇ? ಸಾಕು” ಅಂದ್ಲು. ಸಾಕು ಅಂತ ಅವಳು ಹೇಳೋದು ಇದೇ ಮೊದಲಲ್ಲ ಅಂತ ನನಗೂ ಗೊತ್ತು.

ಹೋಗೋವಾಗ ಮೇಡಂ, “ಕಿಂಡಿ ಅಂದ್ರೂ ಬೇರಿಂಗ್ ವಾಲ್ ಕೊರೀತಿದ್ದೀರಿ, ಅನುಮತಿ ತಗೊಳ್ಳಿ. ನಕ್ಷೆ ನಾನು ಮಾಡ್ಕೊಡ್ತೀನಿ” ಅಂದ್ರು. ಅಪ್ಪ ತಲೆ ಆಡಿಸಿದ್ರು. ಹೌದು ಅಂತಾನೂ ಅಲ್ಲ, ಇಲ್ಲ ಅಂತಾನೂ ಅಲ್ಲ.

ಹಾಸ್ಟೆಲ್‌ಗೆ ವಾಪಸ್ ಹೊರಡೋ ಹಿಂದಿನ ದಿನ ಮೇಲಿನ ಮನೆ ಅಕ್ಕ ಬಟ್ಟೆ ಒಣಗಿಸ್ತಾ, “ಕೆಳಗೆ ಏನೋ ಗೋಡೆ ಕೆಲಸ ಅಂತೆ?” ಅಂದ್ರು. ಇಷ್ಟೆಲ್ಲ ಆಗುವಾಗ ಅವರನ್ನ ಯಾರೂ ಒಂದು ಮಾತು ಕೇಳಿರಲಿಲ್ಲ. ಪರ್ಮಿಷನ್ ಪರ್ಮಿಷನ್ ಅಂತ ಕುಣಿದ ನಾನೂ ಕೇಳಿರಲಿಲ್ಲ. ಕೂತು ಎಲ್ಲ ಹೇಳಿದೆ. ಜಾಕಿ, ಲಿಂಟಲ್, ಎರಡು ವಾರ. “ಹಾಗಾದ್ರೆ ಆ ಎರಡು ವಾರ ಪಾಪುನ ಕರ್ಕೊಂಡು ಅಮ್ಮನ ಮನೆಗೆ ಹೋಗಿರ್ತೀನಿ” ಅಂದ್ರು. “ಹೋಗಿ ಅಕ್ಕ, ಹೋಗೋದೇ ಒಳ್ಳೇದು” ಅಂದೆ.

ಕೆಲಸ ಇನ್ನೂ ಶುರುವಾಗಿಲ್ಲ. ನಕ್ಷೆ ಬಂದಿದೆ. ಅರ್ಜಿ ನಾನೇ ತುಂಬಿ ಅಪ್ಪನಿಗೆ ಕಳಿಸಿದ್ದೀನಿ, ಸಹಿ ಮಾತ್ರ ಬಾಕಿ. ಪ್ರತಿ ಭಾನುವಾರ ಫೋನ್‌ನಲ್ಲಿ ಕೇಳ್ತೀನಿ. “ನೋಡೋಣ” ಅಂತಾರೆ. ಹಿಂದಿನಿಂದ ಅಜ್ಜಿ ಕೂಗೋದು ಕೇಳಿಸುತ್ತೆ: “ಹಾಕೋ ಸಹಿ! ಅವರು ಅಳೆಯೋಕೆ ಬಂದ್ರೆ ನಾನೇ ಮಾತಾಡ್ತೀನಿ, ಮಂಡಿ ತೋರಿಸ್ತೀನಿ!”